ಹಲ್ಲಿನ ಮೇಲೆ ಹಲ್ಲು ಏಕೆ ಬರುತ್ತದೆ?

ಮಕ್ಕಳಿಗೆ ಆರು ವರ್ಷ ತುಂಬುತ್ತಿದ್ದಂತೆ ಮನೆಯಲ್ಲಿ ಹಲ್ಲಿನ ಮಾತು ಶುರುವಾಗುತ್ತದೆ. ಕೆಳಗಿನ ಮುಂದಿನ ಹಲ್ಲು ಅಲ್ಲಾಡತೊಡಗುತ್ತದೆ. ಒಂದು ದಿನ ರೊಟ್ಟಿ ಕಚ್ಚುವಾಗ ಉದುರಿ ಕೈಗೆ ಬರುತ್ತದೆ. ಕೆಲವು ವಾರಗಳಲ್ಲಿ ಆ ಜಾಗದಲ್ಲಿ ಹೊಸ ಹಲ್ಲು ಇಣುಕುತ್ತದೆ. ಅಲ್ಲಿಂದ ತಾಯಂದಿರ ಚಿಂತೆ ಆರಂಭ. ಹೊಸ ಹಲ್ಲು ಹಳೆಯದಕ್ಕಿಂತ ದೊಡ್ಡದು, ಅಂಚು ಗರಗಸದಂತೆ, ಬಣ್ಣ ಸ್ವಲ್ಪ ಹಳದಿ. ಕೆಲವೊಮ್ಮೆ ಅಡ್ಡ ತಿರುಗಿರುತ್ತದೆ, ಕೆಲವೊಮ್ಮೆ ಹಳೆಯ ಹಲ್ಲು ಬೀಳುವ ಮೊದಲೇ ಅದರ ಹಿಂದೆ ಎದ್ದು ನಿಂತಿರುತ್ತದೆ. "ಹಾಲುಹಲ್ಲು ಎಷ್ಟು ಚೆನ್ನಾಗಿತ್ತು, ಈಗ ಹೀಗೇಕಾಯಿತು?" ಎಂಬ ಪ್ರಶ್ನೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ.

ಕೆಲವರು ಇದಕ್ಕೆ ವಿಪರೀತ ಗಾಬರಿಯಾಗುತ್ತಾರೆ. ಇನ್ನು ಕೆಲವರು "ದೊಡ್ಡವನಾದಾಗ ತಾನಾಗಿ ಸರಿಹೋಗುತ್ತದೆ" ಎಂದು ಬಿಟ್ಟುಬಿಡುತ್ತಾರೆ. ಈ ವಿಷಯದಲ್ಲಿ ಗಾಬರಿಯಾಗಬೇಕಿಲ್ಲದ ಸಂಗತಿಗಳೂ ಇವೆ, ಬಿಟ್ಟುಬಿಡಬಾರದ ಸಂಗತಿಗಳೂ ಇವೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಹಾಲುಹಲ್ಲು ಹೋಗಿ ಶಾಶ್ವತ ಹಲ್ಲು ಬರುವ ಆರೇಳು ವರ್ಷಗಳಲ್ಲಿ ಬಾಯಿಯೊಳಗೆ ಏನು ನಡೆಯುತ್ತದೆಂದು ಅರಿತುಕೊಳ್ಳಬೇಕು.

ಇಪ್ಪತ್ತು ಹೋಗಿ ಮೂವತ್ತೆರಡು

ಹಾಲುಹಲ್ಲುಗಳು ಒಟ್ಟು 20. ಮೇಲಿನ ದವಡೆಯಲ್ಲಿ ಹತ್ತು, ಕೆಳಗಿನ ದವಡೆಯಲ್ಲಿ ಹತ್ತು. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಇವನ್ನೇ 'ದೂಧ್ ಕೆ ದಾಂತ್' ಎನ್ನುತ್ತೇವೆ. ಮಗುವಿಗೆ ಸುಮಾರು ಆರು ತಿಂಗಳಾದಾಗ ಇವು ಬರಲು ತೊಡಗಿ, ಎರಡೂವರೆಯಿಂದ ಮೂರು ವರ್ಷದೊಳಗೆ ಪೂರ್ತಿಯಾಗುತ್ತವೆ.

ಶಾಶ್ವತ ಹಲ್ಲುಗಳು 32. ಇವುಗಳಲ್ಲಿ 20 ಹಲ್ಲುಗಳು ಹಾಲುಹಲ್ಲುಗಳ ಜಾಗದಲ್ಲೇ ಬರುತ್ತವೆ. ಉಳಿದ 12 ದವಡೆ ಹಲ್ಲುಗಳಿಗೆ ಮೊದಲೇ ಜಾಗ ಕಾದಿಟ್ಟ ಹಾಲುಹಲ್ಲು ಇರುವುದಿಲ್ಲ. ಅವು ಸಾಲಿನ ಹಿಂದೆ, ಒಂದೊಂದು ಬದಿಗೆ ಮೂರರಂತೆ, ಹೊಸದಾಗಿ ಮೂಡುತ್ತವೆ.

ಈ ಹನ್ನೆರಡರಲ್ಲಿ ಮೊದಲು ಬರುವುದು ಆರನೇ ವಯಸ್ಸಿನ ದವಡೆ ಹಲ್ಲು. ಯಾವ ಹಲ್ಲೂ ಬೀಳದೆ, ಕಡೆಯ ಹಾಲು ದವಡೆ ಹಲ್ಲಿನ ಹಿಂದೆ ಸದ್ದಿಲ್ಲದೆ ಬರುವುದರಿಂದ ಬಹಳ ಮಂದಿ ತಂದೆತಾಯಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದರೆ "ಬಿದ್ದುಹೋಗುವ ಹಲ್ಲು ತಾನೆ" ಎನ್ನುತ್ತಾರೆ. ಆದರೆ ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹೋದರೆ ಅದರ ಬದಲಿಗೆ ಇನ್ನೊಂದು ಬರುವುದಿಲ್ಲ. ಇಡೀ ಸಾಲಿಗೆ ಅದೇ ಮೂಲೆಗಲ್ಲು.

ಸುಮಾರು ಇದೇ ಸಮಯದಲ್ಲಿ, ಆರರಿಂದ ಏಳು ವರ್ಷದೊಳಗೆ, ಕೆಳಗಿನ ನಡುವಿನ ಎರಡು ಬಾಚಿಹಲ್ಲುಗಳು ಬರುತ್ತವೆ. ಏಳೆಂಟಕ್ಕೆ ಮೇಲಿನ ನಡುವಿನ ಎರಡು. ಎಂಟೊಂಬತ್ತರ ಹೊತ್ತಿಗೆ ಅವುಗಳ ಪಕ್ಕದವು. ಕೆಳಗಿನ ಕೋರೆಹಲ್ಲು ಒಂಬತ್ತು-ಹತ್ತಕ್ಕೆ. ಹಾಲು ದವಡೆ ಹಲ್ಲುಗಳ ಜಾಗಕ್ಕೆ ಬರುವ ಚಿಕ್ಕ ದವಡೆ ಹಲ್ಲುಗಳು ಹತ್ತರಿಂದ ಹನ್ನೆರಡಕ್ಕೆ. ಮೇಲಿನ ಕೋರೆಹಲ್ಲು ಹನ್ನೊಂದು-ಹನ್ನೆರಡಕ್ಕೆ. ಎರಡನೇ ದೊಡ್ಡ ದವಡೆ ಹಲ್ಲು ಹನ್ನೆರಡರ ಆಸುಪಾಸಿನಲ್ಲಿ. ಕೊನೆಯ ದವಡೆ ಹಲ್ಲು, ಅಂದರೆ 'ಅಕಲ್ ದಾಢ್', ಹದಿನೇಳರ ನಂತರ. ಒಂದು ವರ್ಷ ಆಚೀಚೆ ಆದರೆ ಚಿಂತಿಸಬೇಕಿಲ್ಲ. ಹೆಣ್ಣುಮಕ್ಕಳಲ್ಲಿ ಸ್ವಲ್ಪ ಬೇಗ ಬರುವುದುಂಟು.

ಜಾಗದ ಲೆಕ್ಕ

ಇಡೀ ವಿಷಯದ ಗುಟ್ಟು ಇರುವುದು ಒಂದು ಸಣ್ಣ ಲೆಕ್ಕದಲ್ಲಿ. ಮೇಲಿನ ನಾಲ್ಕು ಶಾಶ್ವತ ಬಾಚಿಹಲ್ಲುಗಳನ್ನು ಸಾಲಾಗಿಟ್ಟು ಅಳೆದರೆ, ಅವು ಅದೇ ಜಾಗದ ನಾಲ್ಕು ಹಾಲುಹಲ್ಲುಗಳಿಗಿಂತ ಸರಾಸರಿ 7.6 ಮಿ.ಮೀ. ಹೆಚ್ಚು ಅಗಲ. ಕೆಳಗೆ ಈ ವ್ಯತ್ಯಾಸ ಸುಮಾರು 6 ಮಿ.ಮೀ. ಮಗುವಿನ ಪುಟ್ಟ ದವಡೆಯಲ್ಲಿ ಇದು ಒಂದು ಇಡೀ ಹಲ್ಲಿನಷ್ಟು ಜಾಗ. ಆ ಜಾಗ ಎಲ್ಲಿಂದ ಬರಬೇಕು?

ಮೊದಲನೆಯದು, ಹಾಲುಹಲ್ಲುಗಳ ನಡುವಿನ ಸಂದಿ. ನಾಲ್ಕೈದು ವರ್ಷದ ಮಗುವಿನ ಮುಂದಿನ ಹಲ್ಲುಗಳ ನಡುವೆ ಸಂದಿ ಇದ್ದರೆ ಅನೇಕರು "ಹಲ್ಲು ಬಿಟ್ಟುಬಿಟ್ಟು ಬಂದಿದೆ" ಎಂದು ಬೇಸರಪಡುತ್ತಾರೆ. ವಾಸ್ತವದಲ್ಲಿ ಅದು ಒಳ್ಳೆಯ ಲಕ್ಷಣ. ಮೇಲೆ ಕೋರೆಹಲ್ಲಿನ ಮುಂದೆ, ಕೆಳಗೆ ಕೋರೆಹಲ್ಲಿನ ಹಿಂದೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಸಂದಿ ಇರುತ್ತದೆ. ಇದೆಲ್ಲ ಮುಂದೆ ಬರಲಿರುವ ದೊಡ್ಡ ಹಲ್ಲುಗಳಿಗಾಗಿ ತೆಗೆದಿಟ್ಟ ಜಾಗ. ಹಾಲುಹಲ್ಲುಗಳು ಮುತ್ತು ಪೋಣಿಸಿದಂತೆ ಒತ್ತೊತ್ತಾಗಿ, ಒಂದು ಚೂರೂ ಸಂದಿಯಿಲ್ಲದೆ ಇದ್ದರೆ ನೋಡಲು ಚೆಂದ. ಆದರೆ ಅಂಥ ಮಕ್ಕಳಲ್ಲೇ ಶಾಶ್ವತ ಹಲ್ಲು ಒತ್ತಾಗಿ ಬರುವ ಸಾಧ್ಯತೆ ಹೆಚ್ಚು.

ಎರಡನೆಯದು, ದವಡೆಯ ಬೆಳವಣಿಗೆ. ಮುಂದಿನ ಹಲ್ಲುಗಳು ಬರುವ ಸಮಯದಲ್ಲಿ ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿಗೆ ಇರುವ ಅಗಲ ಕೆಲವು ಮಿ.ಮೀ. ಹೆಚ್ಚಾಗುತ್ತದೆ. ಮೂರನೆಯದು, ಹೊಸ ಬಾಚಿಹಲ್ಲುಗಳು ಹಾಲುಹಲ್ಲುಗಳಿಗಿಂತ ತುಸು ಮುಂದಕ್ಕೆ ವಾಲಿ ನಿಲ್ಲುತ್ತವೆ. ಕಮಾನು ಮುಂದಕ್ಕೆ ಬಂದಷ್ಟು ಅದರ ಉದ್ದವೂ ಹೆಚ್ಚುತ್ತದೆ. ಈ ಮೂರೂ ಸೇರಿ ಮೇಲಿನ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಕೆಳಗೆ ಅಷ್ಟು ಅನುಕೂಲವಿಲ್ಲ. ಆದ್ದರಿಂದ ಎಂಟು-ಒಂಬತ್ತರ ವಯಸ್ಸಿನಲ್ಲಿ ಕೆಳಗಿನ ಮುಂದಿನ ಹಲ್ಲುಗಳು 2 ಮಿ.ಮೀ.ನಷ್ಟು ಒತ್ತಾಗಿ, ತುಸು ತಿರುಗಿ ನಿಲ್ಲುವುದು ಸಹಜವೇ. ಅನೇಕ ಮಕ್ಕಳಲ್ಲಿ ಅದು ಮುಂದಿನ ಎರಡು ಮೂರು ವರ್ಷಗಳಲ್ಲಿ ಕಡಿಮೆಯಾಗುತ್ತದೆ.

ನಾಲ್ಕನೆಯದೊಂದು ಉಳಿತಾಯ ಹಿಂದಿನ ಸಾಲಿನಲ್ಲಿದೆ. ಮುಂದೆ ಹೊಸ ಹಲ್ಲುಗಳು ದೊಡ್ಡವಾದರೆ ಹಿಂದೆ ಅದಕ್ಕೆ ವಿರುದ್ಧ. ಹಾಲು ದವಡೆ ಹಲ್ಲುಗಳು ತಮ್ಮ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳಿಗಿಂತ ಅಗಲ. ಅವು ಬಿದ್ದಾಗ ಕೆಳದವಡೆಯಲ್ಲಿ ಎರಡೂ ಬದಿ ಸೇರಿ ಸರಾಸರಿ 3.4 ಮಿ.ಮೀ., ಮೇಲೆ 1.8 ಮಿ.ಮೀ. ಜಾಗ ಮಿಗುತ್ತದೆ. ಈ ಮಿಗತೆಯನ್ನು 1947ರಲ್ಲಿ ನ್ಯಾನ್ಸ್ ಎಂಬ ಅಮೆರಿಕದ ದಂತತಜ್ಞರು ಅಳೆದು ತೋರಿಸಿದರು. ಆದರೆ ಈ ಜಾಗ ಕಾಯುತ್ತಾ ಕೂರುವುದಿಲ್ಲ. ಹಿಂದಿನಿಂದ ಆರನೇ ವಯಸ್ಸಿನ ದವಡೆ ಹಲ್ಲು ಮುಂದಕ್ಕೆ ಜರುಗಿ ಅದನ್ನು ತುಂಬಿಬಿಡುತ್ತದೆ. ತಜ್ಞರು ಸರಿಯಾದ ಸಮಯಕ್ಕೆ ನೋಡಿದರೆ ಒಂದು ತಂತಿಯಿಂದ ಆ ದವಡೆ ಹಲ್ಲನ್ನು ಅಲ್ಲೇ ಹಿಡಿದಿಟ್ಟು, ಮಿಕ್ಕ ಜಾಗವನ್ನು ಮುಂದಿನ ಒತ್ತಾದ ಹಲ್ಲುಗಳಿಗೆ ಬಿಡಿಸಿಕೊಡಬಲ್ಲರು.

"ಮುಖ ಬೆಳೆದಂತೆ ಜಾಗ ಆಗುತ್ತದೆ" ನಿಜವೇ?

ಮನೆಯ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತಿದು. ಅರ್ಧ ನಿಜ. ಮಗುವಿನ ದವಡೆ ಬೆಳೆಯುವುದು ನಿಜ. ಆದರೆ ಒಂಬತ್ತರ ನಂತರ ಆ ಬೆಳವಣಿಗೆ ಹೆಚ್ಚಾಗಿ ಹಿಂದಿನ ಭಾಗದಲ್ಲಿ, ಕಿವಿಯ ಕಡೆಗೆ ನಡೆಯುತ್ತದೆ. ಅಲ್ಲಿ ಹನ್ನೆರಡನೇ ವಯಸ್ಸಿನ ದವಡೆ ಹಲ್ಲಿಗೂ ಅದರ ಹಿಂದಿನದಕ್ಕೂ ಜಾಗವಾಗುತ್ತದೆ. ಒಂದು ಬದಿಯ ಆರನೇ ವಯಸ್ಸಿನ ದವಡೆ ಹಲ್ಲಿನಿಂದ ಇನ್ನೊಂದು ಬದಿಯದರವರೆಗಿನ ಕಮಾನು ಮಾತ್ರ ಹಿಗ್ಗುವುದಿಲ್ಲ. ಕೆಳದವಡೆಯಲ್ಲಿ ಅದು ತುಸು ಕುಗ್ಗುವುದೇ ಹೆಚ್ಚು. ಆದ್ದರಿಂದ ಒಂಬತ್ತು ವರ್ಷದ ಮಗುವಿನಲ್ಲಿ ಹಲ್ಲುಗಳು ಒಂದರ ಮೇಲೊಂದು ಏರುವಷ್ಟು ಇಕ್ಕಟ್ಟಿದ್ದರೆ, ವಯಸ್ಸು ಏರಿದ ಮಾತ್ರಕ್ಕೆ ಅದು ಬಿಡಿಸಿಕೊಳ್ಳುವುದಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಸಂಜೆಯ ಬಸ್ಸನ್ನು ನೆನಪಿಸಿಕೊಳ್ಳಿ. ಮೂರು ಜನ ಕೂರುವ ಸೀಟಿನಲ್ಲಿ ಮೊದಲು ಬಂದ ಇಬ್ಬರು ಆರಾಮವಾಗಿ ಕೂತರೆ ಕೊನೆಗೆ ಬಂದವನಿಗೆ ಅಂಚು ಮಾತ್ರ ಸಿಗುತ್ತದೆ. ಬಾಯಲ್ಲೂ ಹಾಗೆಯೇ. ಮೇಲಿನ ಕೋರೆಹಲ್ಲು ಸಾಲಿನ ಮುಂಭಾಗದಲ್ಲಿ ಬಹುತೇಕ ಕಡೆಯದಾಗಿ ಬರುವ ಹಲ್ಲು. ಅದು ಬರುವ ಹೊತ್ತಿಗೆ ಅತ್ತಿತ್ತಲಿನವರು ಜಾಗ ಹಿಡಿದುಬಿಟ್ಟಿದ್ದರೆ, ಅದು ವಸಡಿನಲ್ಲಿ ಎತ್ತರಕ್ಕೆ, ಹೊರಕ್ಕೆ ಚಾಚಿ ಬರುತ್ತದೆ. ನಾವು 'ಹಲ್ಲಿನ ಮೇಲೆ ಹಲ್ಲು' ಎನ್ನುವುದು ಹೆಚ್ಚಾಗಿ ಇದನ್ನೇ. ಅದು ಹೆಚ್ಚುವರಿ ಹಲ್ಲಲ್ಲ. ತನ್ನ ಸೀಟು ಸಿಗದೆ ನಿಂತಿರುವ ಸರಿಯಾದ ಹಲ್ಲು. ಅದನ್ನು ಕಿತ್ತು ಹಾಕಿಸುವ ಅವಸರ ಬೇಡ. ಕೋರೆಹಲ್ಲಿನ ಬೇರು ಬಾಯಲ್ಲೇ ಅತಿ ಉದ್ದವಾದ ಬೇರುಗಳಲ್ಲಿ ಒಂದು, ಗಟ್ಟಿಮುಟ್ಟಾದ ಹಲ್ಲದು.

ನಾವೇ ಕಳೆದುಕೊಳ್ಳುವ ಜಾಗ

ಹಲ್ಲು ಒತ್ತಾಗಲು ದೊಡ್ಡ ಕಾರಣ ವಂಶಪಾರಂಪರ್ಯ. ಹಲ್ಲಿನ ಗಾತ್ರ, ದವಡೆಯ ಗಾತ್ರ ಎರಡೂ ತಂದೆತಾಯಿಯ ಕಡೆಯಿಂದ ಬರುತ್ತವೆ. ಅದು ನಮ್ಮ ಕೈಯಲ್ಲಿಲ್ಲ. ಆದರೆ ಇನ್ನೊಂದು ಕಾರಣ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಅದು ಹಾಲು ದವಡೆ ಹಲ್ಲುಗಳನ್ನು ಸಮಯಕ್ಕೆ ಮುಂಚೆ ಕಳೆದುಕೊಳ್ಳುವುದು.

ಕಡೆಯ ಹಾಲು ದವಡೆ ಹಲ್ಲು ಎರಡೂವರೆ ವರ್ಷಕ್ಕೆ ಬಂದು ಹನ್ನೊಂದರ ಆಸುಪಾಸಿನವರೆಗೆ ಇರಬೇಕಾದದ್ದು. ಅದಕ್ಕೆ ಎರಡು ಕೆಲಸ. ಒಂದು ಅಗಿಯುವುದು, ಇನ್ನೊಂದು ತನ್ನ ಹಿಂದಿರುವ ಆರನೇ ವಯಸ್ಸಿನ ದವಡೆ ಹಲ್ಲು ಮುಂದಕ್ಕೆ ಬರದಂತೆ ತಡೆದು ನಿಲ್ಲುವುದು. ಏಳು ವರ್ಷದ ಮಗುವಿಗೆ ಅದು ಹುಳುಕಾಗಿ, ರಾತ್ರಿಯಿಡೀ ನೋವಾಗಿ, ಬೆಳಿಗ್ಗೆ ಕಿತ್ತುಹಾಕಿಸಿದರೆ ನೋವು ಹೋಗುತ್ತದೆ, ತಡೆಯೂ ಹೋಗುತ್ತದೆ. ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ. ಈ ಜರುಗಾಟ ಮೊದಲ ಆರು ತಿಂಗಳಲ್ಲೇ ಅತಿ ಹೆಚ್ಚು. ಹತ್ತು-ಹನ್ನೆರಡರ ವಯಸ್ಸಿಗೆ ಬರಬೇಕಾದ ಚಿಕ್ಕ ದವಡೆ ಹಲ್ಲಿಗೆ ಆಗ ಬಾಗಿಲು ಮುಚ್ಚಿರುತ್ತದೆ. ಅದು ಮೂಳೆಯೊಳಗೇ ಸಿಕ್ಕಿಕೊಳ್ಳುತ್ತದೆ ಅಥವಾ ಸಾಲಿನಿಂದ ಹೊರಗೆ, ನಾಲಿಗೆಯ ಕಡೆಗೆ ಬರುತ್ತದೆ.

ಪೂರ್ತಿ ಕಿತ್ತುಹಾಕಿದಾಗ ಮಾತ್ರ ಹೀಗಾಗುತ್ತದೆಂದಲ್ಲ. ಎರಡು ಹಲ್ಲುಗಳ ನಡುವೆ ಹುಳುಕು ಹಿಡಿದು ಗೋಡೆ ಕುಸಿದರೂ ಹಿಂದಿನ ಹಲ್ಲು ಅಷ್ಟರಮಟ್ಟಿಗೆ ಮುಂದೆ ಬರುತ್ತದೆ. "ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ದುಡ್ಡು ಹಾಕುವುದು?" ಎಂಬ ಮಾತು ಈ ಕಾರಣಕ್ಕೆ ದುಬಾರಿ ಮಾತು. ಇವತ್ತು ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬಹುದಾದದ್ದು ನಾಳೆ ಎರಡು ವರ್ಷದ ಕ್ಲಿಪ್ ಚಿಕಿತ್ಸೆಯಾಗಿ ಬರುತ್ತದೆ.

ಹುಳುಕು ಆಳಕ್ಕೆ ಇಳಿದಿದ್ದರೂ ಹಾಲುಹಲ್ಲನ್ನು ಉಳಿಸಲು ದಾರಿಗಳಿವೆ. ಮಕ್ಕಳ ಹಲ್ಲಿಗೂ ರೂಟ್ ಕೆನಾಲ್ ಮಾದರಿಯ ಚಿಕಿತ್ಸೆ ಇದೆ, ಮೇಲೆ ಸ್ಟೀಲ್ ಕ್ಯಾಪ್ ಕೂರಿಸುತ್ತಾರೆ. ಉಳಿಸಲಾಗದೆ ಕೀಳಲೇಬೇಕಾಗಿ ಬಂದರೆ, ಆ ಜಾಗ ಮುಚ್ಚಿಹೋಗದಂತೆ 'ಸ್ಪೇಸ್ ಮೇಂಟೇನರ್' ಎಂಬ ಪುಟ್ಟ ತಂತಿಯ ಉಂಗುರ ಕೂರಿಸುತ್ತಾರೆ. ಪಕ್ಕದ ಹಲ್ಲಿಗೆ ಒಂದು ಪಟ್ಟಿ, ಅದರಿಂದ ಖಾಲಿ ಜಾಗದ ಇನ್ನೊಂದು ಬದಿಗೆ ಚಾಚಿದ ಒಂದು ತಂತಿ, ಅಷ್ಟೇ. ಹೊಸ ಹಲ್ಲು ಮೂಡಿದಾಗ ತೆಗೆಯುತ್ತಾರೆ. ಕೆಲವು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಹಲ್ಲು ಕೀಳಿಸಲು ಹೋದಾಗ "ಡಾಕ್ಟ್ರೇ, ಇಲ್ಲಿ ಜಾಗ ಕಾಯಲು ಏನಾದರೂ ಹಾಕಬೇಕೇ?" ಎಂದು ಕೇಳುವುದನ್ನು ಮರೆಯಬೇಡಿ. ಮುಂದಿನ ಹಾಲುಹಲ್ಲು ಬೇಗ ಹೋದರೆ ಸಾಮಾನ್ಯವಾಗಿ ಇದರ ಅಗತ್ಯ ಬೀಳುವುದಿಲ್ಲ. ದವಡೆ ಹಲ್ಲಿನ ವಿಷಯದಲ್ಲೇ ಎಚ್ಚರ ಬೇಕು.

ಹಾಲುಹಲ್ಲು ಹುಳುಕಾಗುವುದು ಎಲ್ಲಿಂದ ಎಂಬುದೂ ನಮಗೆ ಗೊತ್ತಿರುವುದೇ. ಮಲಗಿದಾಗ ಬಾಯಲ್ಲೇ ಉಳಿಯುವ ಸಕ್ಕರೆ ಹಾಲಿನ ಬಾಟಲಿ, ದಿನಕ್ಕೆ ಹತ್ತು ಸಲ ಕೈಗೆ ಸಿಗುವ ಬಿಸ್ಕತ್ತು, ಟೀಯಲ್ಲಿ ಅದ್ದಿ ತಿನ್ನಿಸುವ ರಸ್ಕ್, ಐದು ರೂಪಾಯಿ ಚಾಕೊಲೇಟು. ಒಟ್ಟು ಎಷ್ಟು ಸಿಹಿ ತಿಂದರೆಂಬುದಕ್ಕಿಂತ ಎಷ್ಟು ಸಲ ತಿಂದರೆಂಬುದು ಹಲ್ಲಿಗೆ ಮುಖ್ಯ. ಊಟದ ಜೊತೆ ಒಮ್ಮೆ ಸಿಹಿ ಕೊಡುವುದು, ಆಗಾಗ ಕೊಡುವುದಕ್ಕಿಂತ ಮೇಲು. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಬೇಕು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು ಪೇಸ್ಟ್ ಸಾಕು. ಏಳೆಂಟು ವರ್ಷದವರೆಗೆ ಮಗು ಉಜ್ಜಿದ ಮೇಲೆ ದೊಡ್ಡವರೊಬ್ಬರು ಇನ್ನೊಮ್ಮೆ ಉಜ್ಜಿಕೊಡಬೇಕು. ಮಿಸ್ವಾಕ್‌ನ ಸುನ್ನತ್ ಮನೆಯಲ್ಲಿದ್ದರೆ ಮಕ್ಕಳಿಗೆ ಬಾಯಿಯ ಶುಚಿ ತಾನಾಗಿ ರೂಢಿಯಾಗುತ್ತದೆ. ಆದರೆ ಚಿಕ್ಕ ಮಕ್ಕಳ ಹಿಂದಿನ ಹಲ್ಲುಗಳ ಸಂದಿಗೆ ಮಿಸ್ವಾಕ್ ತಲುಪುವುದು ಕಷ್ಟ. ಮಿಸ್ವಾಕ್ ಇರಲಿ, ರಾತ್ರಿಯ ಬ್ರಷ್ಷೂ ಇರಲಿ.

ಗಟ್ಟಿ ತಿಂಡಿ ಮತ್ತು ದವಡೆ

ಹಿಂದಿನವರಿಗೆ ಇಷ್ಟು ಹಲ್ಲಿನ ಇಕ್ಕಟ್ಟು ಇರಲಿಲ್ಲವೆಂದು ಹಿರಿಯರು ಹೇಳುವುದುಂಟು. ಈ ಮಾತಿಗೆ ಆಧಾರವಿಲ್ಲದೆ ಇಲ್ಲ. ರಾಬರ್ಟ್ ಕೊರುಚಿನಿ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಉತ್ತರ ಭಾರತದ ಪಂಜಾಬಿ ಯುವಜನರ ಹಲ್ಲುಗಳನ್ನು ಸಂಗಡಿಗರೊಂದಿಗೆ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಹಳ್ಳಿಯ ಯುವಕರಿಗಿಂತ ನಗರದ ಯುವಕರಲ್ಲಿ ಹಲ್ಲಿನ ಜೋಡಣೆಯ ದೋಷ ಹೆಚ್ಚು ಕಂಡಿತು. ಮೆತ್ತಗಿನ ಆಹಾರದಿಂದ ದವಡೆಗೆ ದುಡಿಮೆ ಕಡಿಮೆಯಾಗಿ ಅದು ಪೂರ್ತಿ ಬೆಳೆಯುವುದಿಲ್ಲ ಎಂಬುದು ಅವರ ವಾದ. ಇದು ಒಂದೇ ಕಾರಣ ಎನ್ನಲಾಗದು. ಕಬ್ಬು ಜಗಿದ ಮಾತ್ರಕ್ಕೆ ಒತ್ತಾದ ಹಲ್ಲು ಬಿಡಿಸಿಕೊಳ್ಳುವುದೂ ಇಲ್ಲ. ಆದರೆ ಮೂರು ವರ್ಷ ದಾಟಿದ ಮಗುವಿಗೂ ಅನ್ನ ನುಣ್ಣಗೆ ಹಿಸುಕಿ, ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಿಸುವ ಅಭ್ಯಾಸ ಬಿಡುವುದು ಒಳ್ಳೆಯದು. ಸೀಬೆಹಣ್ಣು, ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಮೆಕ್ಕೆಜೋಳದ ತೆನೆ, ರೊಟ್ಟಿ, ಅಗಿದು ತಿನ್ನುವ ಮಾಂಸದ ತುಂಡು ಮಕ್ಕಳ ತಟ್ಟೆಯಲ್ಲಿರಲಿ.

ನಾಲ್ಕು ವರ್ಷದ ನಂತರವೂ ಹೆಬ್ಬೆರಳು ಚೀಪುವುದು, ರಾತ್ರಿ ಬಾಯಿ ತೆರೆದು ಉಸಿರಾಡುವುದು, ಗೊರಕೆ ಹೊಡೆಯುವುದು ಇವನ್ನೂ ಗಮನಿಸಿ. ಬೆರಳಿನ ಒತ್ತಡಕ್ಕೆ ಮೇಲಿನ ಹಲ್ಲುಗಳು ಉಬ್ಬುತ್ತವೆ, ಮೇಲ್ದವಡೆ ಕಿರಿದಾಗುತ್ತದೆ. ಮೂಗು ಕಟ್ಟಿ ಸದಾ ಬಾಯಿಯಿಂದ ಉಸಿರಾಡುವ ಮಗುವನ್ನು ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

ಕಾಯಬಹುದಾದದ್ದು, ಕಾಯಬಾರದ್ದು

ಕೆಳಗಿನ ಹಾಲುಹಲ್ಲು ಬೀಳದೆ ಅದರ ಹಿಂದೆ ಹೊಸ ಹಲ್ಲು ಬಂದು ಎರಡು ಸಾಲಾಗಿ ಕಂಡರೆ ಹೆದರಬೇಡಿ. ಕೆಳಗಿನ ಶಾಶ್ವತ ಬಾಚಿಹಲ್ಲುಗಳು ಮೂಳೆಯೊಳಗೆ ಇರುವುದೇ ಹಾಲುಹಲ್ಲಿನ ಹಿಂಬದಿಯಲ್ಲಿ. ಹಾಲುಹಲ್ಲು ಅಲ್ಲಾಡುತ್ತಿದ್ದರೆ ಮಗುವೇ ನಾಲಿಗೆಯಿಂದ ಅಲ್ಲಾಡಿಸಿಕೊಳ್ಳಲಿ. ಅದು ಬಿದ್ದ ಮೇಲೆ ನಾಲಿಗೆಯೇ ಹೊಸ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಹಾಲುಹಲ್ಲು ಕಲ್ಲಿನಂತೆ ಗಟ್ಟಿಯಾಗಿದ್ದರೆ, ಎರಡು-ಮೂರು ತಿಂಗಳಾದರೂ ಬೀಳದಿದ್ದರೆ ತೋರಿಸಿ. ಮೇಲಿನ ಹಲ್ಲು ಹಾಲುಹಲ್ಲಿನ ಹಿಂದೆ ಬಂದರೆ ಕಾಯದೆ ತೋರಿಸಿ.

ಎಂಟರಿಂದ ಹನ್ನೊಂದರ ಮಕ್ಕಳಲ್ಲಿ ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿದ್ದು, ಪಕ್ಕದವು ಬೀಸಣಿಗೆಯಂತೆ ಹೊರಕ್ಕೆ ಚಾಚುವುದುಂಟು. ಮೇಲಿನ ಕೋರೆಹಲ್ಲು ಇಳಿಯುತ್ತಾ ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ಹೀಗೆ ಕಾಣುತ್ತದೆ. ಇದನ್ನು ಮೊದಲು ವಿವರಿಸಿದ ಅಮೆರಿಕದ ಬ್ರಾಡ್‌ಬೆಂಟ್ ಅವರು 1937ರಲ್ಲಿ ಇದಕ್ಕೆ 'ಕುರೂಪಿ ಬಾತುಕೋಳಿಮರಿ'ಯ ಹಂತ ಎಂದು ಹೆಸರಿಟ್ಟರು. ಕೋರೆಹಲ್ಲು ಪೂರ್ತಿ ಇಳಿದ ಮೇಲೆ ಹೆಚ್ಚಿನ ಮಕ್ಕಳಲ್ಲಿ ಸಂದಿ ತಾನಾಗಿ ಮುಚ್ಚುತ್ತದೆ. ಈ ವಯಸ್ಸಿನಲ್ಲಿ ಸಂದಿ ಮುಚ್ಚಿಸಲೆಂದು ಕ್ಲಿಪ್ ಹಾಕಿಸಲು ಓಡಬೇಕಿಲ್ಲ.

ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಬದಿಯದು ಬಾರದಿದ್ದರೆ ಮಾತ್ರ ಸುಮ್ಮನಿರಬೇಡಿ. ಮೂಳೆಯೊಳಗೆ ಹೆಚ್ಚುವರಿ ಹಲ್ಲೊಂದು ಅಡ್ಡ ಬಂದಿರಬಹುದು ಅಥವಾ ಆ ಹಲ್ಲಿನ ಮೊಳಕೆಯೇ ಇಲ್ಲದಿರಬಹುದು. ಎಕ್ಸ್‌ರೇಯಲ್ಲಿ ತಿಳಿಯುತ್ತದೆ. ಹತ್ತರ ವಯಸ್ಸಿಗೆ ಮೇಲಿನ ಕೋರೆಹಲ್ಲಿನ ಉಬ್ಬು ವಸಡಿನ ಹೊರಬದಿಯಲ್ಲಿ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಅದನ್ನೂ ತೋರಿಸಿ.

ಮೊದಲ ಸಲ ದಂತವೈದ್ಯರಲ್ಲಿ ಹೋಗಬೇಕಾದದ್ದು ನೋವು ಬಂದಾಗ ಅಲ್ಲ, ಮೊದಲ ಹಲ್ಲು ಬಂದಾಗ. ಏಳನೇ ವಯಸ್ಸಿನಲ್ಲಿ ಒಮ್ಮೆ ಹಲ್ಲಿನ ಜೋಡಣೆಯ ಪರೀಕ್ಷೆ ಮಾಡಿಸಬೇಕು. ಆ ಹೊತ್ತಿಗೆ ಮೂಲೆಯ ದವಡೆ ಹಲ್ಲು, ಮುಂದಿನ ಹಲ್ಲು ಬಂದಿರುವುದರಿಂದ ಜಾಗದ ಲೆಕ್ಕ ಹಾಕಲು ಬರುತ್ತದೆ. ಆಗ ಚಿಕಿತ್ಸೆ ಬೇಕೇಬೇಕೆಂದಲ್ಲ. ಸಾಮಾನ್ಯವಾಗಿ ಕ್ಲಿಪ್ ಹಾಕುವುದು ಹನ್ನೊಂದು-ಹದಿಮೂರರ ಹೊತ್ತಿಗೆ, ಹಾಲುಹಲ್ಲುಗಳು ಹೋದ ಮೇಲೆ. ಒಂದೂವರೆಯಿಂದ ಎರಡು ವರ್ಷ ಬೇಕಾಗುತ್ತದೆ. ಕ್ಲಿಪ್ ತೆಗೆದ ಮೇಲೆ ಹಲ್ಲು ಹಿಂದಿನ ಜಾಗಕ್ಕೆ ಮರಳದಂತೆ ಹಿಡಿದಿಡುವ ಪ್ಲೇಟನ್ನೂ ಧರಿಸಬೇಕು. ಅದನ್ನು ಅಲಕ್ಷಿಸಿದರೆ ಹಣ, ಶ್ರಮ ಎರಡೂ ಹಾಳು.

ತೀರಾ ಇಕ್ಕಟ್ಟಿದ್ದರೆ ಜಾಗಕ್ಕಾಗಿ ಒಂದೆರಡು ಚಿಕ್ಕ ದವಡೆ ಹಲ್ಲುಗಳನ್ನು ತೆಗೆಯಬೇಕಾಗುವುದುಂಟು. "ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ" ಎಂಬ ಭಯ ನಮ್ಮಲ್ಲಿ ಬಹಳ. ಅದಕ್ಕೆ ಆಧಾರವಿಲ್ಲ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಎಕ್ಸ್‌ರೇ ನೋಡಿ, ಅಳತೆ ತೆಗೆದುಕೊಂಡು, ಹಲ್ಲಿನ ಜೋಡಣೆಯ ತಜ್ಞರು ಹೇಳಿದರೆ ತೆಗೆಸಬಹುದು. ಯಾರೋ ಅಂದಾಜಿನಲ್ಲಿ ಹೇಳಿದರೆಂದು ತೆಗೆಸಬಾರದು.

ಸೃಷ್ಟಿಯ ಬದಲಾವಣೆಯೇ?

ಕ್ಲಿಪ್ ಹಾಕಿಸುವುದು ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸಿದಂತೆ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಅಂದಕ್ಕಾಗಿ ಹಲ್ಲುಗಳನ್ನು ಅರೆದು ಸಂದಿ ಮಾಡಿಸಿಕೊಳ್ಳುವವರನ್ನು ಖಂಡಿಸುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಸರಿಯಾಗಿರುವ ಹಲ್ಲನ್ನು ಬೆಡಗಿಗಾಗಿ ಕೆಡಿಸುವುದು ಅಲ್ಲಿನ ವಿಷಯ. ದೋಷವನ್ನು ಸರಿಪಡಿಸುವುದು ಬೇರೆ ಎಂದು ಉಲಮಾಗಳು ವಿವರಿಸಿದ್ದಾರೆ. ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ(ರ) ಬೆಳ್ಳಿಯ ಮೂಗು ಇಟ್ಟುಕೊಂಡಿದ್ದರು. ಅದು ವಾಸನೆ ಬಂದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ) ಅನುಮತಿಸಿದ ಪ್ರಸಂಗ ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಒತ್ತಾದ ಹಲ್ಲುಗಳ ಸಂದಿಯಲ್ಲಿ ಆಹಾರ ಸಿಕ್ಕಿ ಹುಳುಕು, ವಸಡಿನ ರೋಗ ಬರುತ್ತದೆ, ಅಗಿಯಲು ಕಷ್ಟವಾಗುತ್ತದೆ, ಚಾಚಿದ ಹಲ್ಲು ಬಿದ್ದಾಗ ಮುರಿಯುತ್ತದೆ. ಇದು ಚಿಕಿತ್ಸೆಯ ವಿಷಯ. ಅಂಟಿಸಿದ ಕ್ಲಿಪ್ಪನ್ನು ವುಝೂ, ಸ್ನಾನಕ್ಕಾಗಿ ತೆಗೆಯಬೇಕಿಲ್ಲ. ಕೈಯಿಂದ ತೆಗೆಯಲು ಬರುವ ಪ್ಲೇಟಿದ್ದರೆ ತೆಗೆದು ಬಾಯಿ ಮುಕ್ಕಳಿಸಬೇಕು. ಹೆಚ್ಚಿನ ಸಂದೇಹಗಳಿದ್ದರೆ ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿಕೊಳ್ಳಿ.

ಇನ್ನೊಂದು ಮಾತು. ನಮ್ಮಲ್ಲಿ ಮಗಳ ಹಲ್ಲಿನ ಯೋಚನೆ ಬರುವುದು ಹೆಚ್ಚಾಗಿ ಮದುವೆಯ ಮಾತುಕತೆ ಶುರುವಾದಾಗ. ಆಗ ಎರಡು ವರ್ಷ ಕಾಯಲು ಯಾರಿಗೂ ತಾಳ್ಮೆಯಿಲ್ಲ. ಅವಸರದಲ್ಲಿ ಗಟ್ಟಿ ಹಲ್ಲುಗಳನ್ನು ಅರೆದು ಕ್ಯಾಪ್ ಹಾಕಿಸುವುದೂ ಉಂಟು. ಅದೇ ಹುಡುಗಿಗೆ ಏಳನೇ ವಯಸ್ಸಿನಲ್ಲಿ ಒಂದು ಫಿಲ್ಲಿಂಗ್, ಹನ್ನೆರಡರಲ್ಲಿ ಒಂದು ಪರೀಕ್ಷೆ ಆಗಿದ್ದರೆ ಆ ಅವಸರವೇ ಬೇಡವಾಗಿತ್ತು. ಗಂಡುಮಕ್ಕಳಿಗೆ ಹಲ್ಲು ಹೇಗಿದ್ದರೂ ನಡೆಯುತ್ತದೆಂಬ ಭಾವನೆಯೂ ತಪ್ಪು. ಹುಳುಕಿಗೆ ಗಂಡು-ಹೆಣ್ಣೆಂಬ ಭೇದವಿಲ್ಲ.

ಎಲ್ಲಿಗೆ ಹೋಗಬೇಕು?

ಶಿವಮೊಗ್ಗದ ಆಲ್ಕೊಳದಲ್ಲಿ ಶರಾವತಿ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ದಂತ ಕಾಲೇಜುಗಳಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ವೈದ್ಯರು ಚಿಕಿತ್ಸೆ ನೀಡುವುದರಿಂದ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಭದ್ರಾವತಿಯಿಂದ ಬರುವವರು ಬೆಳಿಗ್ಗೆಯೇ ಹೊರಟರೆ ಒಳ್ಳೆಯದು. ಹಲ್ಲು ನೋವು, ಹುಳುಕಿನ ತಪಾಸಣೆಗೆ ಮೆಗ್ಗಾನ್ ಆಸ್ಪತ್ರೆ ಮತ್ತು ಭದ್ರಾವತಿಯ ತಾಲೂಕು ಆಸ್ಪತ್ರೆಯಲ್ಲೂ ವಿಚಾರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ಮಕ್ಕಳ ಹಲ್ಲನ್ನೂ ನೋಡುತ್ತದೆ. ಆ ದಿನ ಮಗುವನ್ನು ಶಾಲೆಗೆ ತಪ್ಪದೆ ಕಳಿಸಿ. ಚೀಟಿ ಬರೆದುಕೊಟ್ಟರೆ ಅದನ್ನು ಬ್ಯಾಗಿನಲ್ಲೇ ಬಿಡದೆ ಆಸ್ಪತ್ರೆಗೆ ಒಯ್ಯಿರಿ.

ಮನೆಯಲ್ಲಿ ನೆನಪಿಡಬೇಕಾದದ್ದು ಇಷ್ಟು:

4-5 ವರ್ಷ: ಹಾಲುಹಲ್ಲುಗಳ ನಡುವೆ ಸಂದಿ ಇದ್ದರೆ ಸಂತೋಷಪಡಿ. ಒತ್ತೊತ್ತಾಗಿದ್ದರೆ ಮುಂದೆ ಗಮನವಿರಲಿ. ಬೆರಳು ಚೀಪುವುದನ್ನು ಬಿಡಿಸಿ.

6 ವರ್ಷ: ಕಡೆಯ ಹಾಲು ದವಡೆ ಹಲ್ಲಿನ ಹಿಂದೆ ಹೊಸ ಹಲ್ಲು ಬಂದಿದೆಯೇ ನೋಡಿ. ಅದು ಶಾಶ್ವತ ಹಲ್ಲು. ಅದರ ಗುಳಿಗಳಿಗೆ ಹುಳುಕು ತಡೆಯುವ ಸೀಲೆಂಟ್ ಹಾಕಿಸಬಹುದೇ ಎಂದು ವೈದ್ಯರನ್ನು ಕೇಳಿ.

7-9 ವರ್ಷ: ಹಲ್ಲಿನ ಜೋಡಣೆಯ ಒಂದು ಪರೀಕ್ಷೆ. ಕೆಳಗೆ ತುಸು ಒತ್ತು, ಮೇಲೆ ತುಸು ಸಂದಿ ಇದ್ದರೆ ಗಾಬರಿ ಬೇಡ. ಹುಳುಕಾದ ಹಾಲು ದವಡೆ ಹಲ್ಲನ್ನು ಉಳಿಸಿಕೊಳ್ಳಿ.

10-12 ವರ್ಷ: ಕೋರೆಹಲ್ಲು, ಚಿಕ್ಕ ದವಡೆ ಹಲ್ಲುಗಳು ಎರಡೂ ಬದಿಯಲ್ಲಿ ಬರುತ್ತಿವೆಯೇ ಗಮನಿಸಿ. ಕಡೆಯ ಹಾಲುಹಲ್ಲು ಬೀಳುವ ಮೊದಲೇ ತಜ್ಞರಿಗೆ ತೋರಿಸಿದರೆ ಮಿಗುವ ಜಾಗವನ್ನು ಬಳಸಿಕೊಳ್ಳಲು ಅವಕಾಶವಿದೆ.

ಇದಕ್ಕೆಲ್ಲ ಬೇಕಾಗಿರುವುದು ಮೊಬೈಲಿನ ಟಾರ್ಚ್ ಮತ್ತು ತಿಂಗಳಿಗೆ ಎರಡು ನಿಮಿಷ. ಇಶಾ ನಮಾಝಿನ ನಂತರ ಮಕ್ಕಳು ಹಲ್ಲುಜ್ಜಿ ಬಂದಾಗ ಒಬ್ಬೊಬ್ಬರನ್ನೇ ಬಾಯಿ ತೆರೆಸಿ ನೋಡಿ. ಕಪ್ಪು ಚುಕ್ಕೆ ಕಂಡರೆ ಅದು ನೋವಾಗುವವರೆಗೆ ಕಾಯಬೇಡಿ.